ನಿರಾಮಯ ಆರೋಗ್ಯ ವಿಮೆ: ವಾರದ ಫಿಸಿಯೋವನ್ನೂ ಚಿಕಿತ್ಸೆ ಅಂತ ಒಪ್ಪುವ ಪಾಲಿಸಿ, ಆದರೆ ಮೊತ್ತ ಸಾಲದು

ನನ್ನ ತಮ್ಮನಿಗೆ 26 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ, ಜೊತೆಗೆ ಫಿಟ್ಸ್. ವಾಕರ್ ಹಿಡಿದು ನಡೆಯುತ್ತಾನೆ, ಮಾತು ನಮಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಕಷ್ಟ. ಅಪ್ಪ ತೀರಿಕೊಂಡ ಮೇಲೆ ಅವನ ಕಾಗದಪತ್ರವೆಲ್ಲ ನಾನೇ ನೋಡಿಕೊಳ್ಳುವುದು. ಹಾಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆಯ ಬಗ್ಗೆ ಬರೆಯುವಷ್ಟು ಅನುಭವ ಇದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಆ ಮೂರೂವರೆಯನ್ನು ಮನಸಾರೆ ಕೊಡುತ್ತಿದ್ದೇನೆ. ಕಳೆದ ಒಂದೂವರೆ ಯಾಕೆ ಅನ್ನುವುದನ್ನೂ ಅಷ್ಟೇ ಮನಸ್ಸಿಟ್ಟು ಹೇಳಬೇಕು.

ಮೊದಲು, ಇದು ಯಾರಿಗೆ ಸಿಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಬರುವ ನಾಲ್ಕು ಸ್ಥಿತಿಗಳಿಗೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ. ಡೌನ್ ಸಿಂಡ್ರೋಮ್ ಇರುವವರು ಬೌದ್ಧಿಕ ವೈಕಲ್ಯದ ಪ್ರಮಾಣಪತ್ರದ ಮೇಲೆ ಸೇರಬಹುದು. ಅಂಗವೈಕಲ್ಯ ಪ್ರಮಾಣಪತ್ರ ಇದ್ದರೆ ಸಾಕು, ವಿಮೆಗೆ ಅಂತ ಬೇರೆ ವೈದ್ಯಕೀಯ ತಪಾಸಣೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ಬಿಪಿಎಲ್ ಕುಟುಂಬಕ್ಕೆ ನೋಂದಣಿ 250 ರೂಪಾಯಿ, ಉಳಿದವರಿಗೆ 500. ನವೀಕರಣಕ್ಕೆ ಇನ್ನೂ ಕಡಿಮೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಖರ್ಚು ವಾಪಸ್ ಬರುತ್ತದೆ. ನೋಂದಣಿ ಆನ್‌ಲೈನ್. ಮನೆಯಲ್ಲಿ ಕೂತು ಮಾಡಲು ಆಗದಿದ್ದರೆ ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡಿರುವ ಸಂಸ್ಥೆಗಳು ಮಾಡಿಕೊಡುತ್ತವೆ. ಯಾವ ಸಂಸ್ಥೆ ಹತ್ತಿರ ಇದೆ ಅಂತ ನಮಗೆ ಹೇಳಿದ್ದು ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು (ವಿಕಲಚೇತನರಿಗಾಗಿ ಇರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ.

ನನಗೆ ಈ ಪಾಲಿಸಿಯಲ್ಲಿ ದೊಡ್ಡದು ಅನಿಸಿದ್ದು ಮೊತ್ತ ಅಲ್ಲ, ಅದು ಚಿಕಿತ್ಸೆ ಅಂತ ಯಾವುದನ್ನು ಒಪ್ಪುತ್ತದೆ ಅನ್ನುವುದು. ಬೇರೆ ವಿಮೆಗಳು ಆಸ್ಪತ್ರೆಗೆ ಸೇರಿಸಿದರೆ ಮಾತ್ರ ಕಣ್ಣು ಬಿಡುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಒಳ್ಳೆಯದೇ. ಆದರೆ ನನ್ನ ತಮ್ಮನಂಥವರ ಖರ್ಚು ಆಸ್ಪತ್ರೆಯ ಹಾಸಿಗೆಯ ಮೇಲೆ ಆಗುವುದು ಅಪರೂಪ. ಅದು ವಾರ ವಾರ ಆಗುವಂಥದ್ದು. ಫಿಸಿಯೋಥೆರಪಿ ತಪ್ಪಿಸಿದರೆ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಗಿದುಕೊಂಡರೆ ಆಪರೇಷನ್‌ವರೆಗೂ ಹೋಗಬಹುದು. ನಿರಾಮಯದಲ್ಲಿ ಹೊರರೋಗಿ ಚಿಕಿತ್ಸೆ, ಮಾತ್ರೆ, ರಕ್ತಪರೀಕ್ಷೆ, ಹಲ್ಲಿನ ಚಿಕಿತ್ಸೆ, ಫಿಸಿಯೋ, ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವುದು), ಓಡಾಟದ ಸ್ವಲ್ಪ ಖರ್ಚು, ಎಲ್ಲಕ್ಕೂ ಒಂದೊಂದು ಮಿತಿಯೊಳಗೆ ಹಣ ಇದೆ. ಮೊದಲೇ ಇದ್ದ ಕಾಯಿಲೆ ಅಂತ ಹೇಳಿ ಪಕ್ಕಕ್ಕಿಡುವುದಿಲ್ಲ. ಇಂಥದ್ದನ್ನು ಯೋಚಿಸಿದವರಿಗೆ ಈ ಮಕ್ಕಳ ಮನೆಯೊಳಗಿನ ಬದುಕು ಗೊತ್ತಿತ್ತು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಹಿಂದೆಯೇ ತಂದೆ-ತಾಯಿಯರ ಒಂದು ಪ್ರಶ್ನೆ ಇತ್ತು: ನಮ್ಮ ಕಾಲಾನಂತರ ಇವರನ್ನು ಯಾರು ನೋಡಿಕೊಳ್ಳುತ್ತಾರೆ? ಕೇಳಿ ಕೇಳಿ ಪಡೆದದ್ದು ಅದು, ತಾನಾಗಿ ಬಂದದ್ದಲ್ಲ.

ಈಗ ಬಿಲ್ಲಿನ ವಿಷಯ. ಹೊಸಬರು ಸೋಲುವುದು ಇಲ್ಲೇ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನಿರಾಮಯದಲ್ಲಿ ಮೊದಲು ನಮ್ಮ ಕೈಯಿಂದ ಖರ್ಚು, ಆಮೇಲೆ ಕ್ಲೇಮ್. ಕ್ಲೇಮ್‌ಗೆ ಡಾಕ್ಟರ ಚೀಟಿ, ಮೂಲ ಬಿಲ್ಲು, ಹೆಲ್ತ್ ಕಾರ್ಡಿನ ಪ್ರತಿ, ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ, ಬ್ಯಾಂಕ್ ಖಾತೆಯ ವಿವರ ಬೇಕು, ಅದೂ ಗಡುವಿನೊಳಗೆ. ದೊಡ್ಡ ಆಸ್ಪತ್ರೆಯ ಬಿಲ್ಲಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಥೆರಪಿ ಬಿಲ್ಲಿಗೆ. ನಾವು ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ಹಣ ಕೊಟ್ಟರೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದರು, ಕೇಳಿದರೆ ತಾರೀಖಿಲ್ಲದ ಚೀಟಿ. ಅಮ್ಮ ಎಷ್ಟು ಕೇಳಿದರೂ "ಯಾರೂ ಕೇಳಲ್ಲ ಕಣಮ್ಮ" ಅನ್ನುವ ಉತ್ತರ. ನಮ್ಮ ಪೋಷಕರ ಗುಂಪಿನಲ್ಲಿ ಈ ಮಾತು ಎತ್ತಿದಾಗ ಅದೇ ಕ್ಲಿನಿಕ್‌ಗೆ ಹೋಗುವ ಇನ್ನೂ ಕೆಲವು ಮನೆಗಳಿವೆ ಅಂತ ಗೊತ್ತಾಯಿತು. ಎಲ್ಲರೂ ಒಟ್ಟಿಗೆ ಹೋಗಿ ಕೂತೆವು. ಜಗಳ ಆಡಲಿಲ್ಲ. ಪ್ರತಿ ಸಲಕ್ಕೂ ತಾರೀಖು, ರೋಗಿಯ ಹೆಸರು, ಥೆರಪಿಯ ಹೆಸರು, ಸಹಿ, ನೋಂದಣಿ ಸಂಖ್ಯೆ ಇರುವ ರಸೀದಿ ಕೊಡಿ ಅಂತ ಕೇಳಿದೆವು. ರಸೀದಿ ಪುಸ್ತಕ ಅಚ್ಚು ಹಾಕಿಸಿದರು. ಈಗ ಹೊಸದಾಗಿ ಬರುವವರಿಗೂ ಕೇಳದೆಯೇ ಕೊಡುತ್ತಾರೆ. ಒಬ್ಬರೇ ಕೇಳಿದಾಗ ಆಗದ ಕೆಲಸ ಅದು.

ಡಾಕ್ಟರ ಚೀಟಿಯಲ್ಲೂ ಎಚ್ಚರ ಬೇಕು. "ಫಿಸಿಯೋ ಮುಂದುವರಿಸಿ" ಅಂತಷ್ಟೇ ಬರೆಸಿಕೊಳ್ಳಬೇಡಿ. ಯಾವ ಥೆರಪಿ, ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳು ಅಂತ ಬರೆಸಿಕೊಳ್ಳಿ. ಎಲ್ಲದರ ಜೆರಾಕ್ಸ್ ಮನೆಯಲ್ಲಿರಲಿ, ಮೂಲ ಪ್ರತಿ ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಅದೊಂದೇ.

ಇನ್ನು ಕಳೆದ ಒಂದೂವರೆ ಅಂಕ. ಯೋಜನೆ ಶುರುವಾದದ್ದು 2008ರಲ್ಲಿ. ಆಗಲೂ ಒಂದು ಲಕ್ಷ, ಈಗಲೂ ಒಂದು ಲಕ್ಷ. ನಮ್ಮ ಕಡೆ ಫಿಸಿಯೋಗೆ ಒಂದು ಸಲಕ್ಕೆ 400 ರೂಪಾಯಿ. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 62,400. ಸ್ಪೀಚ್ ಥೆರಪಿ, ಫಿಟ್ಸ್ ಮಾತ್ರೆ ಇನ್ನೂ ಸೇರಿಲ್ಲ. ಒಂದು ಲಕ್ಷವನ್ನು ಥೆರಪಿಗೇ ಬಳಸುವಂತಿದ್ದರೆ ಹೇಗೋ ಹೊಂದಿಸಬಹುದಿತ್ತು. ಆದರೆ ಪ್ರತಿಯೊಂದಕ್ಕೂ ಒಳಮಿತಿ ಇದೆ. ಆಪರೇಷನ್‌ಗೆ ಅಂತ ಇಟ್ಟ ಹಣ ಆಪರೇಷನ್ ಆಗದಿದ್ದರೆ ಹಾಗೇ ಉಳಿಯುತ್ತದೆ, ಅದನ್ನು ಥೆರಪಿಗೆ ತಿರುಗಿಸಲು ಬರುವುದಿಲ್ಲ. ಆಪರೇಷನ್ ಬೇಡವಾಗುವ ಹಾಗೆ ನೋಡಿಕೊಳ್ಳುವುದೇ ಥೆರಪಿಯ ಕೆಲಸ ಅಲ್ಲವೇ? ಈ ಒಂದು ನಿಯಮ ಬದಲಾದರೆ ಸರ್ಕಾರ ಒಟ್ಟು ಮಿತಿ ಏರಿಸದೆಯೇ ಎಷ್ಟೋ ಮನೆಗೆ ಉಸಿರು ಬರುತ್ತದೆ.

ಎರಡನೆಯದು, ನಾಲ್ಕೇ ಸ್ಥಿತಿಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ದಿನೇ ದಿನೇ ಬಲ ಕಳೆದುಕೊಳ್ಳುವ ಕಾಯಿಲೆ) ಇರುವ ಹುಡುಗನಿಗೂ ಜೀವನಪೂರ್ತಿ ಫಿಸಿಯೋ ಬೇಕು, ಅವನಿಗೆ ನಿರಾಮಯ ಇಲ್ಲ. 2023ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸಾಮಾನ್ಯ ವಿಮೆ ಮತ್ತು ಆರೋಗ್ಯ ವಿಮೆ ಕಂಪನಿಗಳೆಲ್ಲ ವಿಕಲಚೇತನರಿಗಾಗಿ ಒಂದು ಪಾಲಿಸಿ ಇಡಲೇಬೇಕು ಅಂತ ಹೇಳಿದೆ. ಆ ಬಾಗಿಲು ತೆರೆದದ್ದು ಸಂತೋಷ. ಆದರೆ 500 ರೂಪಾಯಿಗೆ ವಾರದ ಥೆರಪಿಯನ್ನೂ ಲೆಕ್ಕಕ್ಕೆ ಹಿಡಿಯುವ ಪಾಲಿಸಿಯ ಜಾಗವನ್ನು ಅವು ತುಂಬಲಾರವು.

ಈ ಎಲ್ಲವನ್ನೂ ಕೇಳುವುದು ಹೇಗೆ ಅನ್ನುವುದನ್ನು ನಮ್ಮ ಗುಂಪಿನ ನಿವೃತ್ತ ಮೇಷ್ಟ್ರೊಬ್ಬರು ಕಲಿಸಿದರು. ಅವರ ಮಗಳಿಗೆ ಆಟಿಸಂ. "ನೋಡಮ್ಮ, ಕಷ್ಟ ಇದೆ ಅಂತ ಹೇಳಿದ್ರೆ ಎಲ್ಲರೂ ಪಾಪ ಅಂತಾರೆ. ಎಷ್ಟು ಕಷ್ಟ ಅಂತ ರೂಪಾಯಿಲಿ ಬರ್ಕೊಟ್ರೆ ಫೈಲ್ ಓಡುತ್ತೆ" ಅಂದರು. ಅವರ ಮಾತಿನಂತೆ ಪ್ರತಿ ಮನೆಯೂ ಒಂದು ಹಾಳೆಯಲ್ಲಿ ತಿಂಗಳು ತಿಂಗಳ ಖರ್ಚು ಬರೆಯುತ್ತದೆ. ಒಂದು ಕಡೆ ವಿಮೆಯಿಂದ ಬಂದದ್ದು, ಇನ್ನೊಂದು ಕಡೆ ಬಾರದೇ ಉಳಿದದ್ದು. ವಾಕರ್ ಹಿಡಿದು ಬಸ್ ಹತ್ತಲಾಗದೆ ಕೊಟ್ಟ ಆಟೋ ಬಾಡಿಗೆ, ಡೈಪರ್, ಅಮ್ಮ ಟೈಲರಿಂಗ್ ಬಿಟ್ಟದ್ದರಿಂದ ಕಳೆದುಕೊಂಡ ಸಂಪಾದನೆ. ಕೊನೆಯದಕ್ಕೆ ಯಾವ ಯೋಜನೆಯಲ್ಲೂ ಕಾಲಂ ಇಲ್ಲ, ನಮ್ಮ ಹಾಳೆಯಲ್ಲಿ ಇದೆ. ಅಮ್ಮ ಅದನ್ನು ತಾನೇ ಬರೆಯುತ್ತಾಳೆ, ನನಗೂ ಕೊಡುವುದಿಲ್ಲ.

ಹಾಳೆಗಳ ಪ್ರತಿಯನ್ನು ಮನವಿಯ ಜೊತೆ ಸಂಸದರಿಗೂ, ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕೂ ಕಳಿಸುತ್ತೇವೆ. ಕೇಳಿರುವುದು ಮೂರು: ಒಳಮಿತಿಗಳನ್ನು ತೆಗೆಯಿರಿ, ಒಂದು ಲಕ್ಷವನ್ನು ಏರಿಸಿ, ತಾಲ್ಲೂಕು ಮಟ್ಟದಲ್ಲಿ ಕೈಯಿಂದ ಹಣ ಹಾಕದೆ ಥೆರಪಿ ಸಿಗುವಂತೆ ಮಾಡಿ. ದಿನಗೂಲಿ ಮಾಡುವ ಮನೆಗೆ ಮೊದಲು ಖರ್ಚು ಮಾಡಿ ಆಮೇಲೆ ಕೇಳು ಅಂದರೆ, ಪಾಲಿಸಿ ಇದ್ದೂ ಇಲ್ಲದ ಹಾಗೆ. ನಮ್ಮ ಗುಂಪಿನಲ್ಲೇ ಕಾರ್ಡ್ ಮಾಡಿಸಿ ಒಂದು ಕ್ಲೇಮ್ ಕೂಡ ಹಾಕದವರು ಇದ್ದಾರೆ, ಕಾರಣ ಇದೇ. ಅಂಥವರ ಮೊದಲ ತಿಂಗಳ ಥೆರಪಿ ಖರ್ಚಿಗೆ ಗುಂಪಿನಿಂದಲೇ ಕೈಗಡ ಕೊಟ್ಟು, ಕ್ಲೇಮ್ ಬಂದ ಮೇಲೆ ವಾಪಸ್ ಪಡೆಯುವುದನ್ನು ಶುರು ಮಾಡಿದ್ದೇವೆ. ಸಣ್ಣ ನಿಧಿ, ಆದರೂ ನಡೆಯುತ್ತಿದೆ.

ನೀವು ಅರ್ಹರಾಗಿದ್ದರೆ ಖಂಡಿತ ಮಾಡಿಸಿ. ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ವರ್ಷದ ನಡುವೆ ಸೇರಿದರೂ ಮಾರ್ಚ್ 31ಕ್ಕೇ ಮುಗಿಯುತ್ತದೆ, ಆದ್ದರಿಂದ ಆದಷ್ಟು ಏಪ್ರಿಲ್‌ನಲ್ಲೇ ಸೇರಿ, ಖರ್ಚಿನ ಹಾಳೆಯನ್ನೂ ಅದೇ ತಿಂಗಳು ತೆರೆಯಿರಿ.