ಪಳೆಯುಳಿಕೆ ಪೆಟ್ಟಿಗೆ: ಕಲ್ಲುಗಳಿಗೆ ಐದು ಸ್ಟಾರ್, ಕಾರ್ಡುಗಳಿಗೆ ಎರಡು

ನಾನು ವಿಜ್ಞಾನದ ಟೀಚರ್. ಜೀವವಿಕಾಸದ ಪಾಠಕ್ಕೆ ಬೇಕು ಅಂತ ಈ ಪೆಟ್ಟಿಗೆ ತರಿಸಿಕೊಂಡೆ. ಒಳಗೆ ಒಂದು ಟ್ರೈಲೋಬೈಟ್ (ಗಟ್ಟಿ ಕವಚದ, ಹಲವು ಕಾಲಿನ ಹಳೆಯ ಕಡಲ ಪ್ರಾಣಿ), ನಡುವೆ ಸೀಳಿ ಹೊಳಪು ಕೊಟ್ಟ ಅಮೊನೈಟ್ (ಸುರುಳಿ ಚಿಪ್ಪಿನ ಕಡಲ ಪ್ರಾಣಿ), ಕೊಂಬಿನ ಆಕಾರದ ಹವಳ, ಕಡಲ ಲಿಲ್ಲಿಯ (ಹೂವಿನಂತೆ ಕಾಣುವ ಪ್ರಾಣಿ) ದಂಟಿನ ಚೂರುಗಳು ಮತ್ತು ಒಂದು ಶಾರ್ಕ್ ಹಲ್ಲು ಇವೆ. ಎಲ್ಲಾ ಅಸಲಿ, ಅಚ್ಚು ಹಾಕಿದ ನಕಲು ಅಲ್ಲ. ಅಮೊನೈಟ್‌ನ ಒಳಗಿನ ಕೋಣೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತವೆ. ಮಕ್ಕಳು ಅದನ್ನು ಕೈಯಿಂದ ಕೆಳಗಿಡುವುದೇ ಇಲ್ಲ.

ಬೇಜಾರಾಗಿದ್ದು ಜೊತೆಗಿರುವ ಕಾರ್ಡುಗಳಿಂದ. ಟ್ರೈಲೋಬೈಟ್ ಕಾರ್ಡಿನಲ್ಲಿ 'ಹೊಂದಿಕೊಳ್ಳಲಾಗದೆ ಸೋತ ಪ್ರಾಣಿ' ಅಂತ ಬರೆದಿದ್ದಾರೆ. ಇದು ತಪ್ಪು. ಟ್ರೈಲೋಬೈಟ್‌ಗಳು ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡವು, 25.2 ಕೋಟಿ ವರ್ಷಗಳ ಹಿಂದೆ ಇಲ್ಲವಾದವು. ಅಂದರೆ ಹತ್ತಿರ ಹತ್ತಿರ 27 ಕೋಟಿ ವರ್ಷ ಬಾಳಿವೆ. ನಮ್ಮ ಜಾತಿಗೆ ಈಗಿನ್ನೂ ಸುಮಾರು 3 ಲಕ್ಷ ವರ್ಷ. ಸೋತವರು ಅನ್ನೋದು ಹೇಗೆ?

ಅವು ಕೊನೆಯಾದ ಹೊತ್ತಿನಲ್ಲಿ ಸೈಬೀರಿಯಾದಲ್ಲಿ ಲಾವಾ ಉಕ್ಕಿ ಹರಿಯುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಕಡಲು ಬಿಸಿಯಾಯಿತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಯಿತು. ಕಡಲ ಜೀವಜಾತಿಗಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಅಳಿದವು. ಪೆಟ್ಟಿಗೆಯಲ್ಲಿರುವ ಕೊಂಬು ಹವಳದ ಗುಂಪು ಮುಗಿದದ್ದೂ ಆಗಲೇ. ಇವತ್ತಿನ ಹವಳದ ದಿಬ್ಬಗಳನ್ನು ಕಟ್ಟುವ ಗುಂಪು ಕಾಣಿಸಿಕೊಂಡಿದ್ದು ಆಮೇಲೆ. ಇಷ್ಟು ಒಳ್ಳೆಯ ಕತೆ ಪೆಟ್ಟಿಗೆಯಲ್ಲೇ ಇದೆ, ಕಾರ್ಡಿನಲ್ಲಿ ಮಾತ್ರ ಒಂದು ಸಾಲೂ ಇಲ್ಲ!

ಅಮೊನೈಟ್‌ಗಳ ಗುಂಪು ಆ ಸಾಮೂಹಿಕ ಅಳಿವನ್ನು ಹೇಗೋ ದಾಟಿತು. ಉಳಿದ ಕೆಲವೇ ಕವಲುಗಳಿಂದ ಮತ್ತೆ ಕಡಲ ತುಂಬ ಹರಡಿತು. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಯುಕಟಾನ್‌ನಲ್ಲಿ ಕ್ಷುದ್ರಗ್ರಹ ಬಡಿದು ಸುಮಾರು 180 ಕಿ.ಮೀ. ಅಗಲದ ಕುಳಿ ಬಿತ್ತಲ್ಲ, ಆಗ ಕೊನೆಯಾಯಿತು. ಅದರ ನೆಂಟ, ಸುರುಳಿ ಚಿಪ್ಪಿನದೇ ಆದ ನಾಟಿಲಸ್ ಮಾತ್ರ ಇವತ್ತಿಗೂ ಇದೆ. ಯಾಕೆ? ಅಮೊನೈಟ್ ಮರಿಗಳು ತೀರಾ ಸಣ್ಣವು, ಮೇಲಿನ ನೀರಿನಲ್ಲಿ ತೇಲುತ್ತಿದ್ದವು. ಆ ಹೊಡೆತಕ್ಕೆ ಎದ್ದ ಧೂಳು, ಮಸಿಯಿಂದ ಬಿಸಿಲು ಮರೆಯಾದಾಗ ಮೊದಲು ಊಟ ಇಲ್ಲವಾದದ್ದು ಅಲ್ಲೇ. ನಾಟಿಲಸ್ ಮೊಟ್ಟೆ ದೊಡ್ಡದು, ಮರಿಯೂ ದೊಡ್ಡದು. ವಿಜ್ಞಾನಿಗಳು ಮುಂದಿಡುವ ಕಾರಣಗಳಲ್ಲಿ ಇದೂ ಒಂದು. ಕೋಟ್ಯಂತರ ವರ್ಷ ಚೆನ್ನಾಗಿ ನಡೆದ ಬದುಕಿನ ರೀತಿ ಆ ಒಂದು ಗಳಿಗೆಗೆ ಒಗ್ಗಲಿಲ್ಲ, ಅಷ್ಟೇ. ಡೈನೋಸಾರ್‌ಗಳ ಕಾಲದುದ್ದಕ್ಕೂ ಹೆಚ್ಚುಕಮ್ಮಿ ಸಣ್ಣದಾಗಿಯೇ ಇದ್ದ ಸಸ್ತನಿಗಳಿಗೆ ಜಾಗ ಸಿಕ್ಕಿದ್ದೂ ಅದೇ ಹೊಡೆತದಿಂದ ಅಲ್ವಾ? ಇದನ್ನು ಹೇಳಿದಾಗ ತರಗತಿ ಗಪ್‌ಚುಪ್ ಆಗುತ್ತದೆ.

ಶಾರ್ಕ್ ಹಲ್ಲು ಚೆನ್ನಾಗಿದೆ, ಅದರ ಬಗ್ಗೆ ಹೇಳೋದು ಜಾಸ್ತಿ ಏನಿಲ್ಲ. ದಂಟಿನ ಚೂರುಗಳು ತೀರಾ ಚಿಕ್ಕವು, ಜೊತೆಗೊಂದು ಭೂತಗನ್ನಡಿ ಕೊಡಬೇಕಿತ್ತು.

ಪಾಠ ಮಾಡುವವರು ಕಣ್ಣುಮುಚ್ಚಿ ಕೊಳ್ಳಬಹುದು. ಕಾರ್ಡುಗಳನ್ನು ಪಕ್ಕಕ್ಕಿಟ್ಟು ನೀವೇ ಬೇರೆ ಬರೆದುಕೊಳ್ಳಿ. ತಯಾರಕರು ಮುಂದಿನ ಸಲ 'ಸೋತ' ಅನ್ನೋದನ್ನು ತೆಗೆದು, ಯಾವಾಗಿನಿಂದ ಯಾವಾಗಿನವರೆಗೆ ಇತ್ತು ಅಂತ ಎರಡು ಅಂಕಿ ಹಾಕಿದರೆ ಸಾಕು.