ದಿಶಾಂಕ್ ಆ್ಯಪ್: ಮಲೆನಾಡಿನಲ್ಲಿ ಅಗ್ಗದ ಜಾಗ ಹುಡುಕುವವರಿಗೆ ಒಂದು ಜರಡಿ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಗದ್ದೆ, ತೋಟ ಕೊಳ್ಳಬಹುದು ಎಂದಾಯಿತು. ಅಲ್ಲಿಂದೀಚೆಗೆ ಸಾಗರ, ಸಿರ್ಸಿ, ಕೊಪ್ಪ, ಸಕಲೇಶಪುರದ ಕಡೆ ‘ಅರ್ಧ ಎಕರೆ, ಪಕ್ಕದಲ್ಲೇ ಹೊಳೆ, ಹಿಂದೆ ಕಾಡು’ ಎಂಬ ಜಾಹೀರಾತುಗಳಿಗೆ ಬರವಿಲ್ಲ. ಇಂಥ ಜಾಗ ನೋಡಲು ಹೊರಡುವವರ ಮೊಬೈಲಿನಲ್ಲಿ ಮೊದಲು ಇರಬೇಕಾದದ್ದು ದಿಶಾಂಕ್. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಉಚಿತ ಆ್ಯಪ್ ಇದು. ‘ಬೇಡ’ ಎಂದು ತೀರ್ಮಾನಿಸುವುದಕ್ಕೆ ಇಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ‘ಸರಿ, ಅಡ್ವಾನ್ಸ್ ಕೊಡೋಣ’ ಅನ್ನುವುದಕ್ಕೆ ಮಾತ್ರ ಇದನ್ನು ನಂಬಬೇಡಿ.

ಕೆಲಸ ಸರಳ. ಜಿಪಿಎಸ್ ಆನ್ ಮಾಡಿ ಜಾಗದಲ್ಲಿ ನಿಂತರೆ ಉಪಗ್ರಹ ಚಿತ್ರದ ಮೇಲೆ ಸರ್ವೆ ನಂಬರಿನ ಗಡಿಗೆರೆ, ಹಳ್ಳಿ, ಹೋಬಳಿ, ತಾಲ್ಲೂಕು ಕಾಣುತ್ತವೆ. ಹೆಚ್ಚಿನ ವಿವರ ಕೇಳಿದರೆ ಸರ್ನೋಕ್ (ಸರ್ವೆ ನಂಬರಿನ ಜತೆ ಬರುವ ಗುರುತು) ಮತ್ತು ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಆರಿಸಲು ಹೇಳುತ್ತದೆ. ಸರ್ನೋಕ್ ಜಾಗದಲ್ಲಿ ಬಹುಪಾಲು ಬರೀ ನಕ್ಷತ್ರ ಚಿಹ್ನೆ ಇರುತ್ತದೆ, ಗಾಬರಿ ಬೇಡ. ಹಿಸ್ಸಾ ಆರಿಸಿದ ಮೇಲೆ ಭೂಮಿ ದಾಖಲೆಯಲ್ಲಿರುವ ಮಾಲೀಕರ ಹೆಸರು, ವಿಸ್ತೀರ್ಣ ಬರುತ್ತದೆ. ಮನೆಯಲ್ಲಿ ಕೂತು ಸರ್ವೆ ನಂಬರ್ ಹಾಕಿಯೂ ಹುಡುಕಬಹುದು. ದಲ್ಲಾಳಿ ಫೋನಿನಲ್ಲಿ ಸರ್ವೆ ನಂಬರ್ ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಹೋಗುವ ಪೆಟ್ರೋಲ್ ಉಳಿಸಿಕೊಳ್ಳಿ.

ಮಲೆನಾಡಿನಲ್ಲಿ ಬರುವ ಮೊದಲ ತೊಡಕು ನೆಟ್‌ವರ್ಕ್. ನಕ್ಷೆ ಮೂಡಲು ಇಂಟರ್ನೆಟ್ ಬೇಕು, ನೋಡಬೇಕಾದ ಜಾಗಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಆದರೆ ಜಿಪಿಎಸ್‌ಗೆ ಸಿಗ್ನಲ್ ಬೇಡ. ಹಾಗಾಗಿ ಜಾಗದ ನಾಲ್ಕು ಮೂಲೆಗಳಲ್ಲೂ ಲೊಕೇಶನ್ ಸಮೇತ ಫೋಟೊ ತೆಗೆದುಕೊಂಡು, ಪೇಟೆಗೆ ವಾಪಸ್ ಬಂದ ಮೇಲೆ ದಿಶಾಂಕ್ ನಕ್ಷೆಯಲ್ಲಿ ಆ ಬಿಂದುಗಳನ್ನು ಹುಡುಕಿ ನೋಡುವುದು ಉತ್ತಮ.

ಎರಡನೆಯದು ನಿಖರತೆ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ತೋಟದೊಳಗೆ, ಹಲಸು-ಮಾವಿನ ನೆರಳಲ್ಲಿ ಇನ್ನೂ ಕೆಟ್ಟದಾಗುತ್ತದೆ. ನಿಂತಲ್ಲೇ ನಿಂತಿದ್ದರೂ ಚುಕ್ಕೆ ಗೆರೆ ದಾಟಿ ಪಕ್ಕದವರ ಸರ್ವೆ ನಂಬರಿಗೆ ಹೋಗಿ ಬರುತ್ತದೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ ಸುಮಾರು ಹತ್ತು ಮೀಟರ್ ಚೌಕ. ಹತ್ತು ಮೀಟರ್ ತಪ್ಪಿದರೆ ಬೇಲಿಯ ಉದ್ದಕ್ಕೂ ಗುಂಟೆಗಟ್ಟಲೆ ಲೆಕ್ಕ ತಪ್ಪುತ್ತದೆ. ಇದರ ಜತೆಗೆ ಆ್ಯಪಿನ ಗೆರೆಗಳೂ ಹಳೆಯ ಗ್ರಾಮ ನಕ್ಷೆಗಳನ್ನು ಡಿಜಿಟಲ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದವು. ಎಷ್ಟೋ ಕಡೆ ಇಡೀ ಹಳ್ಳಿಯ ಗೆರೆಗಳೇ ಒಂದು ದಿಕ್ಕಿಗೆ ಸರಿದಿರುತ್ತವೆ. ಇದನ್ನು ಪರೀಕ್ಷಿಸುವ ಉಪಾಯವಿದೆ: ಊರಿನ ಕೆರೆ ಏರಿಯೋ ಹಳೆಯ ರಸ್ತೆಯೋ ಗೆರೆಗೆ ಹೊಂದುತ್ತದೆಯೇ ನೋಡಿ. ಕೆರೆಯೇ ಹದಿನೈದು ಮೀಟರ್ ಪಕ್ಕಕ್ಕೆ ಬಿದ್ದಿದ್ದರೆ ಬೇಲಿಯ ಬಗ್ಗೆ ಆ್ಯಪ್ ಹೇಳುವ ಮಾತಿಗೆ ಬೆಲೆಯಿಲ್ಲ. ಗಡಿ ಬೇಕೆಂದರೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಲೇಬೇಕು. ಹದ್ದುಬಸ್ತಿಗೆ ಅರ್ಜಿ ಹಾಕಬೇಕಾದವರು ಮಾರುವವರು. ಅದಕ್ಕೇ ನೆಪ ಹೇಳುವವರ ಜತೆ ಮಾತು ಮುಂದುವರಿಸಬೇಡಿ.

ಇವೆರಡನ್ನೂ ಸಹಿಸಬಹುದು. ಆ್ಯಪಿನ ದೊಡ್ಡ ಕೊರತೆ ಎಂದರೆ ಗೆರೆ ಇರುವುದು ಸರ್ವೆ ನಂಬರಿಗೆ, ಹಿಸ್ಸಾಕ್ಕಲ್ಲ. ಬಯಲುಸೀಮೆಯಲ್ಲಿ ನಾಲ್ಕೈದು ಎಕರೆಯ ಸರ್ವೆ ನಂಬರಿನಲ್ಲಿ ಮೂರು ಹಿಸ್ಸಾ ಇದ್ದರೆ ಹೇಗೋ ಊಹಿಸಬಹುದು. ಮಲೆನಾಡಿನಲ್ಲಿ ನೂರಾರು ಎಕರೆಯ ಸರ್ಕಾರಿ ಸರ್ವೆ ನಂಬರುಗಳಿವೆ. ಅವುಗಳ ಹೊಟ್ಟೆಯೊಳಗೆ ಬಗರ್ ಹುಕುಂನಲ್ಲಿ, ಅಂದರೆ ಅನುಮತಿಯಿಲ್ಲದೆ ಸಾಗುವಳಿ ಮಾಡಿದವರಿಗೆ ಸಕ್ರಮವಾಗಿ ಮಂಜೂರಾದ ಎರಡೆರಡು ಎಕರೆಯ ತುಂಡುಗಳಿವೆ. ಚುಕ್ಕೆ ನಿಂತ ಜಾಗದ ಹಿಸ್ಸಾ ಪಟ್ಟಿ ತೆಗೆದರೆ ಹತ್ತಾರು ಹೆಸರು ಬರುತ್ತವೆ, ನಿಮ್ಮೆದುರು ನಿಂತ ಮಾಲೀಕರ ಹೆಸರೂ ಅದರಲ್ಲಿರುತ್ತದೆ. ಆ ಹೆಸರು ಈ ತುಂಡಿನದ್ದೋ, ಗುಡ್ಡದ ಆಚೆ ಬದಿಯದ್ದೋ ಎಂದು ದಿಶಾಂಕ್ ಹೇಳಲಾರದು. ಪಹಣಿಯಲ್ಲಿ ‘ಪೈಕಿ’ ಎಂಬ ಮಾತು ಕಂಡರೆ ಪೋಡಿ, ಅಂದರೆ ತುಂಡನ್ನು ಅಳೆದು ಬೇರೆ ನಂಬರ್ ಕೊಡುವ ಕೆಲಸ, ಆಗಿಲ್ಲ ಎಂದೇ ಅರ್ಥ. ಪೋಡಿ ಆಗದ ತುಂಡನ್ನು ‘ಆಮೇಲೆ ಮಾಡಿಸಿಕೊಡುತ್ತೇವೆ’ ಎಂಬ ಭರವಸೆಯ ಮೇಲೆ ತಗೊಳ್ಳಬೇಡಿ. ಒಂದು ಸರ್ವೆ ನಂಬರಿನ ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇಲ್ಲದೆ ನೋಂದಣಿಯೂ ಆಗದು.

ಕಾಡಿನ ವಿಷಯದಲ್ಲಿ ಇನ್ನಷ್ಟು ಹುಷಾರಿರಬೇಕು. ಕಂದಾಯ ದಾಖಲೆಯಲ್ಲಿ ಅರಣ್ಯ, ಗೋಮಾಳ, ಸರ್ಕಾರ ಎಂದಿದ್ದರೆ ಆ್ಯಪ್ ಅಲ್ಲೇ ತೋರಿಸಿಬಿಡುತ್ತದೆ, ನಿಮ್ಮ ಒಂದು ಓಡಾಟ ಉಳಿಯಿತು. ಆದರೆ ಕಂದಾಯ ಇಲಾಖೆಯ ಕಡತವೂ ಅರಣ್ಯ ಇಲಾಖೆಯ ಕಡತವೂ ಒಂದೇ ಮಾತು ಹೇಳುತ್ತವೆ ಎಂದುಕೊಳ್ಳಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಪ್ರಾಥಮಿಕ ಅಧಿಸೂಚನೆ ಆಗಿ, ಸೆಕ್ಷನ್ 17ರ ಅಂತಿಮ ಅಧಿಸೂಚನೆ ಆಗದೆ ಕೂತಿರುವ ಜಾಗಗಳಿವೆ. ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿರುವ ಜಾಗಗಳಿವೆ. ಪಹಣಿಯಲ್ಲಿ ಖಾಸಗಿ ಹೆಸರೇ ಇದ್ದರೂ ತಕರಾರು ತಪ್ಪುವುದಿಲ್ಲ. ಸರ್ವೆ ನಂಬರ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದೊಂದೇ ದಾರಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಕುರಿತ ಕಸ್ತೂರಿರಂಗನ್ ವರದಿಯ ಕರಡು ಅಧಿಸೂಚನೆಯಲ್ಲಿ ಊರಿನ ಹೆಸರಿದೆ ಎಂದು ಹೆದರಿಸುವವರೂ ಸಿಗುತ್ತಾರೆ. ಕಟ್ಟಡಗಳ ಮಟ್ಟಿಗೆ ಅದರಲ್ಲಿ ನಿಷೇಧ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಯೋಜನೆಗಳಿಗೆ, ನಿಮ್ಮ ಎರಡು ಕೋಣೆಯ ಮನೆಗಲ್ಲ.

‘ಒಂದು ಎಕರೆ ತೋಟದ ಜೊತೆ ಇಷ್ಟು ಎಕರೆ ಬೆಟ್ಟ ಫ್ರೀ’ ಎಂಬ ಮಾತು ಕೇಳಿದರೆ ದಿಶಾಂಕ್ ತೆಗೆದು ಆ ಬೆಟ್ಟದ ಮೇಲೆ ಬೆರಳಿಡಿ. ಉತ್ತರ ಕನ್ನಡದ ಬೆಟ್ಟ, ಶಿವಮೊಗ್ಗದ ಕಡೆಯ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಇವೆಲ್ಲ ತೋಟಕ್ಕೆ ಸೊಪ್ಪು, ದರಕು, ಕಟ್ಟಿಗೆ ತರಲು ಕೊಟ್ಟ ಸವಲತ್ತುಗಳು. ಮನೆ ಕಟ್ಟುವ, ಮಾರುವ ಹಕ್ಕು ಅವಕ್ಕಿಲ್ಲ. ಬೆಲೆ ಲೆಕ್ಕ ಹಾಕುವಾಗ ಅವನ್ನು ಸೊನ್ನೆ ಎಂದೇ ಹಿಡಿಯಿರಿ.

ಆ್ಯಪಿನ ಜರಡಿಯಲ್ಲಿ ಉಳಿದದ್ದಕ್ಕೆ ಪಹಣಿ ತೆಗೆಸಿ. 3ನೇ ಕಾಲಂನಲ್ಲಿ ಫೂಟ್ ಖರಾಬು (ಸಾಗುವಳಿಗೆ ಬಾರದ ಭಾಗ) ನೋಡಿ: ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಯ ‘ಬಿ’ ಖರಾಬು ಸರ್ಕಾರದ್ದು. ಹೊಳೆ ಬದಿಯ ಜಾಗದಲ್ಲಿ ಚಂದ ಕಾಣುವ ಅಂಚೆಲ್ಲ ಅದರಲ್ಲೇ ಹೋಗಿರುವ ಸಾಧ್ಯತೆ ಹೆಚ್ಚು. 9ನೇ ಕಾಲಂನಲ್ಲಿ ಮಾಲೀಕರು; ಜಂಟಿ ಎಂದಿದ್ದರೆ ಮುಂಬೈಯಲ್ಲಿರುವ ಚಿಕ್ಕಪ್ಪನ ಸಹಿಯೂ ಬೇಕು. 11ರಲ್ಲಿ ಸೊಸೈಟಿ ಸಾಲ, ಬ್ಯಾಂಕ್ ಸಾಲ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಮಾರಾಟ ಸಿಂಧುವಲ್ಲ; 2023ರ ತಿದ್ದುಪಡಿ ಬಂದ ಮೇಲೆ ‘ಮೂವತ್ತು ವರ್ಷ ಆಯ್ತಲ್ಲ’ ಎಂಬ ಸಮಾಧಾನವನ್ನೂ ನೆಚ್ಚಿಕೊಳ್ಳುವಂತಿಲ್ಲ. ಮೂಲ ಮಂಜೂರಾತಿ ಪ್ರತಿ ಕೇಳಿ. ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದೀಚೆಗಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ದಾರಿಯ ವಿಷಯದಲ್ಲಿ ದಿಶಾಂಕನ್ನು ಪಕ್ಕಕ್ಕಿಡಿ. ಉಪಗ್ರಹ ಚಿತ್ರದಲ್ಲಿ ಕಾಣುವ ಮಣ್ಣಿನ ದಾರಿ ಯಾರದೋ ತೋಟದೊಳಗಿನ ಔದಾರ್ಯ ಇರಬಹುದು, ಮಾರಾಟವಾದ ಮರುದಿನ ಗೇಟು ಬೀಳಬಹುದು. ಭೂದಾಖಲೆ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡು ಅದು ನಕಾಶೆ ಕಂಡ ದಾರಿಯೇ ನೋಡಿ. ಇಲ್ಲದಿದ್ದರೆ ದಾರಿಯ ಹಕ್ಕು ಕ್ರಯಪತ್ರದಲ್ಲೇ ಬರಬೇಕು. ನೀರು, ಇಳಿಜಾರನ್ನೂ ಆ್ಯಪ್ ಹೇಳದು. ಬಾವಿಯನ್ನು ಏಪ್ರಿಲ್ ಕೊನೆಯಲ್ಲಿ ನೋಡಿ, ದಾರಿಯನ್ನು ಜುಲೈಯಲ್ಲಿ ನೋಡಿ. ಜೆಸಿಬಿಯಿಂದ ಗುಡ್ಡ ಕಡಿದು ಹೊಸದಾಗಿ ಮಾಡಿದ ಸಮತಟ್ಟು ಕಂಡರೆ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತ ನೆನಪಿರಲಿ.

ಅರ್ಧ ಎಕರೆ ಸಾಕೇ ಎಂದು ಕೇಳುವವರಿಗೆ ಲೆಕ್ಕ ಹೀಗೆ: ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಹಿಡುವಳಿಯ ಶೇ. 10 ಮೀರದ ತೋಟದ ಮನೆಗೆ ಭೂಪರಿವರ್ತನೆ ಬೇಡ. 20 ಗುಂಟೆಗೆ ಅದು 2 ಗುಂಟೆ, ಅಂದರೆ 2,178 ಚದರ ಅಡಿ. ಕೃಷಿ ಮಾಡುತ್ತ ವಾಸಿಸಲು ಧಾರಾಳವಾಯಿತು. ಹೋಂಸ್ಟೇ ನಡೆಸುವ ಆಲೋಚನೆ ಇದ್ದರೆ ಈ ವಿನಾಯಿತಿಯನ್ನು ಮರೆತುಬಿಡಿ.

ಬಜೆಟ್ ಇನ್ನೂ ಬಿಗಿಯಿದ್ದರೆ ತೋಟ ಬಿಟ್ಟು ಊರೊಳಗಿನ ಹಳೆಯ ಹೆಂಚಿನ ಮನೆ ಹುಡುಕುವುದು ಲೇಸು. ಕರೆಂಟು, ನೀರು, ದಾರಿ ಮೂರೂ ಆಗಲೇ ಇರುತ್ತವೆ. ಅಲ್ಲಿ ದಿಶಾಂಕ್ ಗ್ರಾಮಠಾಣಾ (ಊರಿನ ವಸತಿ ಜಾಗ) ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ, ಮನೆ ಯಾರದೆಂದು ಅದಕ್ಕೆ ತಿಳಿಯದು. ಪಂಚಾಯಿತಿಯಲ್ಲಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಅದು ಅನುಮೋದನೆ ಇಲ್ಲದ ನಿವೇಶನದ್ದು, ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ.