ಧಾರವಾಡದ ಧೂಳು, ಗದಗಿನ ಬೋರ್ ನೀರು ಮತ್ತು ಮೂರು ಥರದ ಕಾರ್ನೌಬಾ ವ್ಯಾಕ್ಸ್: ನಾಲ್ಕು ವರ್ಷ ಹಚ್ಚಿದ ಮೇಲೆ

ನನ್ನದು 2018ರ ಬಲೆನೊ, ಗಾಢ ನೀಲಿ ಬಣ್ಣ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ನವನಗರ, ಉಣಕಲ್ ದಾಟಿ ಹೋಗಿ ಬರುತ್ತೇನೆ. ಆಫೀಸಿನ ಹತ್ತಿರ ನೆರಳಿಲ್ಲ, ಬೆಳಗ್ಗೆ ನಿಲ್ಲಿಸಿದ ಗಾಡಿ ಸಂಜೆವರೆಗೂ ಬಿಸಿಲಲ್ಲೇ ಇರುತ್ತದೆ. ಮನೆ ಮುಂದೆ ಬೇವಿನ ಮರ ಇದೆ, ನೆರಳು ಸಿಗುತ್ತದೆ, ಜೊತೆಗೆ ಹಕ್ಕಿ ಹಿಕ್ಕೆಯೂ ಸಿಗುತ್ತದೆ. ಇನ್ನೊಂದು ಗಾಡಿ ಗದಗಿನಲ್ಲಿರುವ ನಮ್ಮ ಕಾಕಾನದ್ದು, ಬಿಳಿ ಸ್ವಿಫ್ಟ್. ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಹೋದಾಗ ಬೇಕಿದ್ದರೆ ಅದಕ್ಕೂ ನಾನೇ ವ್ಯಾಕ್ಸ್, ಅಂದರೆ ಬಣ್ಣ ಕಾಪಾಡುವ ಮೇಣ, ಹಚ್ಚುತ್ತೇನೆ. ಈ ಎರಡು ಗಾಡಿಯ ಮೇಲೆ ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ನನಗೆ ಇದು ಗೊತ್ತಾಗಿದ್ದು ಬಾನೆಟ್ ಹಾಳಾದ ಮೇಲೆ. ನಮ್ಮ ಕಡೆ ಅಂಗಡಿಯಲ್ಲಿ ಏನು ಕೇಳಿದರೂ ‘ಪಾಲಿಶ್’ ಅಂತಲೇ ಕೊಡುತ್ತಾರೆ. ನಾನು ಮೊದಲು ತಂದ ಬಾಟಲಿಯ ಮೇಲೆ ಕಾರ್ನೌಬಾ ಅಂತ ದೊಡ್ಡದಾಗಿ ಬರೆದಿತ್ತು, ಹೆಸರು ಇಲ್ಲಿ ಬೇಡ. ಅದು ಉಜ್ಜಿ ಸ್ವಚ್ಛ ಮಾಡುವ ಥರದ್ದು, ಒಳಗೆ ಸಣ್ಣ ತರಿ ಇರುತ್ತದೆ. ಅದನ್ನು ನಾನು ತಿಂಗಳಿಗೊಮ್ಮೆ ಗಸಗಸ ತಿಕ್ಕುತ್ತಿದ್ದೆ. ಬಣ್ಣದ ಮೇಲಿನ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಇರುತ್ತದೆ, ಅಂದರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತನೇ ಒಂದು ಪಾಲು. ತರಿ ಇರುವ ಪಾಲಿಶ್ ಪ್ರತಿ ಸಲ ಅದರಿಂದಲೇ ಸ್ವಲ್ಪ ಸ್ವಲ್ಪ ತೆಗೆಯುತ್ತದೆ. ವ್ಯಾಕ್ಸ್ ಏನೂ ತೆಗೆಯುವುದಿಲ್ಲ, ಮೇಲೆ ಒಂದು ತೆಳು ಪದರ ಕೂರಿಸುತ್ತದೆ ಅಷ್ಟೇ. ಐದಾರು ತಿಂಗಳಲ್ಲಿ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯ ಹಾಗೆ ಗೆರೆ ಕಾಣತೊಡಗಿದವು. ಆ ಗೆರೆ ತೆಗೆಸಲು ಮಷಿನ್ ಪಾಲಿಶ್ ಮಾಡಿಸಬೇಕಾಯಿತು. ಅಲ್ಲಿಂದ ಮುಂದೆ ಓದಿ, ಕೇಳಿ, ಸರಿಯಾದ ವ್ಯಾಕ್ಸ್ ತರಲು ಶುರು ಮಾಡಿದೆ.

ಕಾರ್ನೌಬಾ ಅಂದರೆ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ, ಸಿಯಾರಾ, ಪಿಯಾವಿ ಕಡೆ ಬೆಳೆಯುತ್ತದೆ. ಅಲ್ಲಿ ಬೇಸಿಗೆ ಉದ್ದ, ಮಳೆ ಕಡಿಮೆ. ಎಲೆಯಲ್ಲಿರುವ ನೀರು ಆರಬಾರದು ಅಂತ ಮರ ತಾನೇ ಎಲೆಗೆ ಮೇಣ ಹಚ್ಚಿಕೊಳ್ಳುತ್ತದೆ. ಎಲೆ ಕತ್ತರಿಸಿ, ಒಣಗಿಸಿ, ಬಡಿದು ಆ ಮೇಣ ಉದುರಿಸುತ್ತಾರೆ. ಜೇನುಮೇಣ 62-64 ಡಿಗ್ರಿಗೆ ಕರಗಿದರೆ ಇದು ಕರಗಲು 82-86 ಡಿಗ್ರಿ ಬೇಕು. ಚಾಕೊಲೇಟ್, ಗುಳಿಗೆಗಳ ಮೇಲಿನ ಹೊಳಪಿಗೂ ಇದನ್ನೇ ಬಳಸುತ್ತಾರೆ. ಬರೀ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಅದನ್ನು ಹಾಗೇ ಗಾಡಿಗೆ ಹಚ್ಚಲು ಆಗುವುದೇ ಇಲ್ಲ. ಎಣ್ಣೆ, ಬೇರೆ ಮೇಣ, ಆರಿಹೋಗುವ ದ್ರಾವಣ ಸೇರಿಸಿಯೇ ಪೇಸ್ಟ್ ಮಾಡಬೇಕು. ಹಾಗಾಗಿ ಡಬ್ಬಿ ಮೇಲೆ ‘ನೂರಕ್ಕೆ ನೂರು ಕಾರ್ನೌಬಾ’ ಅಂತ ಇದ್ದರೆ ಡಬ್ಬಿ ತುಂಬ ಕಾರ್ನೌಬಾ ಇದೆ ಅಂತಲ್ಲ, ಅದರಲ್ಲಿರುವ ಮೇಣದ ಭಾಗ ಕಾರ್ನೌಬಾ ಅಂತ ಅರ್ಥ ಮಾಡಿಕೊಳ್ಳಬೇಕು. ಶೇಕಡಾ ಲೆಕ್ಕ ನೋಡಿ ದುಡ್ಡು ಸುರಿಯಬೇಡಿ ದಯವಿಟ್ಟು.

ನಾನು ಹೋಲಿಸಿ ನೋಡಿದ ಮೂರು ಇವು: ಮದರ್ಸ್ ಕಂಪನಿಯ ಕ್ಯಾಲಿಫೋರ್ನಿಯಾ ಗೋಲ್ಡ್ ಪ್ಯೂರ್ ಬ್ರೆಜಿಲಿಯನ್ ಕಾರ್ನೌಬಾ ಪೇಸ್ಟ್, ಮೆಗ್ವಾಯರ್ಸ್ ಗೋಲ್ಡ್ ಕ್ಲಾಸ್ ಕಾರ್ನೌಬಾ ಪ್ಲಸ್ ಪೇಸ್ಟ್, ಆಮೇಲೆ ಕಾಲಿನೈಟ್ 845. ಮೊದಲನೆಯದು ಹಳೇ ರೀತಿಯ ಮೇಣ. ಎರಡನೆಯದರಲ್ಲಿ ‘ಪ್ಲಸ್’ ಅಂದರೆ ಪಾಲಿಮರ್ (ಬಾಳಿಕೆ ಹೆಚ್ಚಿಸುವ ಕೃತಕ ವಸ್ತು) ಸೇರಿಸಿದ್ದಾರೆ. ಮೂರನೆಯದೂ ಕಾರ್ನೌಬಾ ಮತ್ತು ಪಾಲಿಮರ್ ಮಿಶ್ರಣ, ಆದರೆ ಪೇಸ್ಟ್ ಅಲ್ಲ, ಗಟ್ಟಿ ಹಾಲಿನ ಥರ ಬಾಟಲಿಯಲ್ಲಿ ಬರುತ್ತದೆ.

ಒಂದು ದಸರಾಕ್ಕೆ ಮುಂಚೆ ಗಾಡಿ ಚೆನ್ನಾಗಿ ತೊಳೆದು, ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಎಳೆದು, ಬಾನೆಟ್ ಮಧ್ಯಕ್ಕೆ ಕಾಗದದ ಟೇಪ್ ಅಂಟಿಸಿದೆ. ಎಡಕ್ಕೆ ಮದರ್ಸ್, ಬಲಕ್ಕೆ 845, ಹಿಂದೆ ಡಿಕ್ಕಿ ಮೇಲೆ ಮೆಗ್ವಾಯರ್ಸ್. ಪ್ರತಿ ಭಾನುವಾರ ಒಂದು ತಂಬಿಗೆ ನೀರು ಸುರಿದು ಹನಿ ಹೇಗೆ ನಿಲ್ಲುತ್ತದೆ ಅಂತ ನೋಡಿ ಡೈರಿಯಲ್ಲಿ ಬರೆದಿಟ್ಟೆ. ವ್ಯಾಕ್ಸ್ ಇದ್ದರೆ ನೀರು ಗುಂಡಗೆ ಹನಿ ಕಟ್ಟುತ್ತದೆ, ಹೋದರೆ ಹರಡುತ್ತದೆ. ಪಕ್ಕದ ಮನೆಯ ಹಿರಿಯರು ಎರಡನೇ ವಾರಕ್ಕೇ ಕೇಳಿದರು, “ಏನ್ರೀ, ಗಾಡೀಗೆ ಅಭಿಷೇಕ ಮಾಡಾಕ ಹತ್ತೀರಿ?” ಅಂತ. ತೋರಿಸಿದೆ. ಈಗ ಅವರೂ ಹಚ್ಚುತ್ತಾರೆ.

ನೋಟದಲ್ಲಿ ಮದರ್ಸ್ ಗೆದ್ದಿತು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಗಾಢ ನೀಲಿ ಮೇಲೆ ಅದು ಕೊಡುವುದು ಬರೀ ಹೊಳಪಲ್ಲ, ಬಣ್ಣ ಆಳಕ್ಕೆ ಇಳಿದ ಹಾಗೆ ಕಾಣುತ್ತದೆ, ಎಣ್ಣೆ ಹಚ್ಚಿದ ಹಳೇ ಸಾಗವಾನಿ ಬಾಗಿಲು ಇರುತ್ತದಲ್ಲ ಹಾಗೆ. ಸಂಜೆ ಐದೂವರೆ ಬಿಸಿಲಿಗೆ ಉಣಕಲ್ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಸುಮ್ನೆ ನೋಡಿದ್ದೇನೆ. 845ರ ಕಡೆ ಹೊಳಪು ಚುರುಕು, ಕನ್ನಡಿ ಥರ, ಆದರೆ ಆ ಆಳ ಸ್ವಲ್ಪ ಕಡಿಮೆ. ಮೆಗ್ವಾಯರ್ಸ್ ಎರಡರ ನಡುವೆ. ಇದೆಲ್ಲ ಗಾಢ ಬಣ್ಣಕ್ಕೆ ಹೇಳಿದ ಮಾತು. ಕಾಕಾನ ಬಿಳಿ ಗಾಡಿಗೆ ಮೂರನ್ನೂ ಹಚ್ಚಿದ್ದೇನೆ. ಒಮ್ಮೆ ಅವನು ಪಕ್ಕದಲ್ಲೇ ನಿಂತು, “ತಮ್ಮಾ, ಇಷ್ಟೆಲ್ಲಾ ತಿಕ್ಕೀದಿ, ಬಿಳೀ ಗಾಡೀಗೆ ಏನ್ ಫರಕ್ ಕಾಣತೈತಿ?” ಅಂದ. ಅವನು ಹೇಳಿದ್ದು ಸರಿ. ಕಣ್ಣಿಗೆ ಫರಕ್ ಇಲ್ಲ, ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಬಿಳಿ, ಬೆಳ್ಳಿ ಬಣ್ಣದ ಗಾಡಿ ಇದ್ದವರು ನೋಟಕ್ಕಾಗಿ ಶುದ್ಧ ಕಾರ್ನೌಬಾ ತರುವ ಅಗತ್ಯ ಇಲ್ಲ.

ಬಾಳಿಕೆಯಲ್ಲಿ ಲೆಕ್ಕ ತಿರುಗಿತು. ಎಡಗಡೆ, ಮದರ್ಸ್ ಮೇಲೆ, ಮೊದಲ ಮೂರು ವಾರ ಹನಿಗಳು ಮುತ್ತಿನ ಹಾಗೆ ಗುಂಡಗೆ ನಿಂತವು, ದೀಪಾವಳಿ ದಾಟಿದ ಮೇಲೆ ಅಗಲ ಆಗುತ್ತಾ ಬಂದವು, ಏಳನೇ ವಾರಕ್ಕೆ ನೀರು ಸುಮ್ಮನೆ ಹರಡಿಕೊಂಡು ಬಿಟ್ಟಿತು. ಶುದ್ಧ ಮೇಣದ ಗುಣವೇ ಅದು, ದಿನವಿಡೀ ಬಿಸಿಲಲ್ಲಿ ನಿಂತ ಗಾಡಿಗೆ ಅಷ್ಟು ಬಂದದ್ದೇ ಒಳ್ಳೆಯದು. ಮೆಗ್ವಾಯರ್ಸ್ ಡಿಸೆಂಬರ್ ಕೊನೆವರೆಗೆ ಬಂತು. 845 ಸಂಕ್ರಾಂತಿ ಮುಗಿದು ಫೆಬ್ರವರಿ ಅರ್ಧ ಆದರೂ ಇನ್ನೂ ಹನಿ ಕಟ್ಟುತ್ತಿತ್ತು. ಮಳೆಗಾಲದಲ್ಲಿ ಮತ್ತೆ ನೋಡಿದೆ. ಧಾರವಾಡದ ಜಿಟಿಜಿಟಿ ಮಳೆ, ಮೇಲೆ ರಸ್ತೆಯ ರಾಡಿ, ವಾರಕ್ಕೆ ಎರಡು ಸಲ ತೊಳೆಯುವುದು. ಶುದ್ಧ ಪೇಸ್ಟ್ ನಾಲ್ಕು ವಾರಕ್ಕೆ ಹೋಯಿತು, 845 ಜೂನ್ ಮೊದಲ ವಾರ ಹಚ್ಚಿದ್ದು ಗಣೇಶ ಚೌತಿವರೆಗೂ ಕೆಲಸ ಮಾಡಿತು.

ಹನಿ ಕಟ್ಟುವುದೇ ವ್ಯಾಕ್ಸಿನ ಗುಣ ಅಂತ ನಾನೂ ತಿಳಿದಿದ್ದೆ. ಗದಗಿನ ನೀರು ಅದರ ಇನ್ನೊಂದು ಮುಖ ತೋರಿಸಿತು. ಕಾಕಾನ ಮನೆಯಲ್ಲಿ ಗಾಡಿ ತೊಳೆಯಲು ಬೋರ್ ನೀರು, ಬಹಳ ಗಡಸು. ವ್ಯಾಕ್ಸ್ ಇಲ್ಲದ ಗಾಡಿ ಮೇಲೆ ಆ ನೀರು ಹರಡಿ ಒಣಗುತ್ತದೆ, ಒಂದೇ ಸಮ ಮಬ್ಬು ಕಾಣುತ್ತದೆ. ವ್ಯಾಕ್ಸ್ ಇದ್ದರೆ ಗುಂಡಗೆ ನಿಂತ ಪ್ರತಿ ಹನಿಯೂ ಬಿಸಿಲಿಗೆ ಆರಿ, ಒಳಗಿದ್ದ ಸುಣ್ಣವನ್ನೆಲ್ಲ ಅದೇ ಜಾಗದಲ್ಲಿ ಉಂಗುರದ ಹಾಗೆ ಬಿಟ್ಟು ಹೋಗುತ್ತದೆ. ಬಾನೆಟ್ ತುಂಬ ಬಿಳಿ ಚುಕ್ಕೆ! ಒಂದು ಏಪ್ರಿಲ್ ತಿಂಗಳಲ್ಲಿ ಹಿಂಗೇ ಆಯಿತು, ನಾನು ತೊಳೆದು ಚಹಾ ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ. ಹೊಸ ಚುಕ್ಕೆ ಆದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ ತಕ್ಷಣ ತೊಳೆದರೆ ಹೋಗುತ್ತದೆ, ಆದರೆ ಅದರ ಜೊತೆ ವ್ಯಾಕ್ಸೂ ತೆಳುವಾಗುತ್ತದೆ, ಮತ್ತೆ ಹಚ್ಚಬೇಕು. ಈಗ ಅಲ್ಲಿ ಬೆಳಗ್ಗೆ ಏಳರೊಳಗೆ ಇಲ್ಲವೇ ಸಂಜೆ ಮಾತ್ರ ತೊಳೆಯುತ್ತೇನೆ. ಒಂದೊಂದು ಭಾಗ ತೊಳೆದು ಅಲ್ಲೇ ದಪ್ಪ ಮೈಕ್ರೋಫೈಬರ್ ಟವೆಲ್‌ನಿಂದ ನೀರು ಹೀರಿಸುತ್ತೇನೆ. ಕೊನೆಯ ಒಂದು ಬಕೆಟ್‌ಗೆ ಕುಡಿಯುವ ಫಿಲ್ಟರ್ ನೀರು ಸಿಕ್ಕರೆ ಇನ್ನೂ ಒಳ್ಳೆಯದು, ಬೇಸಿಗೆಯಲ್ಲಿ ಅದನ್ನು ಗಾಡಿಗೆ ಸುರಿಯಲು ಮನಸ್ಸು ಬರುವುದಿಲ್ಲ, ಅದು ಬೇರೆ ಮಾತು.

ಧೂಳಿನ ವಿಷಯ. ನಮ್ಮಲ್ಲಿ ಧಾರವಾಡ ಕಡೆ ಕೆಂಪು ಮಣ್ಣು, ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋದರೆ ಎರೆ ಮಣ್ಣು. ದಿನಾ ಬೆಳಗ್ಗೆ ಒಣ ಅರಿವೆಯಿಂದ ಗಾಡಿ ಒರೆಸುವುದು ಎಲ್ಲರ ರೂಢಿ. ದಯವಿಟ್ಟು ಬಿಡಿ. ಎಂಥ ವ್ಯಾಕ್ಸ್ ಹಚ್ಚಿದ್ದರೂ ಧೂಳಿನೊಳಗಿನ ಮರಳು ಅರಿವೆ ಕೆಳಗೆ ಸಿಕ್ಕರೆ ಗೆರೆ ಬೀಳುತ್ತದೆ, ಮೇಣದ ಪದರ ಅದನ್ನು ತಡೆಯುವಷ್ಟು ದಪ್ಪ ಇರುವುದೇ ಇಲ್ಲ. ವ್ಯಾಕ್ಸ್ ಮಾಡುವ ಉಪಕಾರ ಏನೆಂದರೆ ಧೂಳು ಅಂಟಿ ಕೂರುವುದಿಲ್ಲ, ನೀರು ಬಿಟ್ಟರೆ ಮುಕ್ಕಾಲು ಪಾಲು ತಾನೇ ಜಾರುತ್ತದೆ. ಇನ್ನೊಂದು, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಹಾಕಿ ಗಾಡಿ ತೊಳೆಯಬೇಡಿ. ಜಿಡ್ಡು ತೆಗೆಯುವುದೇ ಅದರ ಕೆಲಸ, ಮೇಣವನ್ನೂ ಜಿಡ್ಡು ಅಂತಲೇ ತೆಗೆಯುತ್ತದೆ. ಹೊರಗೆ ತೊಳೆಸಲು ಕೊಟ್ಟಾಗ ಒಂದು ಕಡೆ ನನ್ನ ಎರಡು ವಾರದ ವ್ಯಾಕ್ಸ್ ಒಂದೇ ತೊಳೆತಕ್ಕೆ ಹೋಯಿತು, ಮೇಲಾಗಿ ಗಾಲಿಗೆ ತಿಕ್ಕಿದ ಸ್ಪಾಂಜನ್ನೇ ಬಾಗಿಲಿಗೂ ತಿಕ್ಕಿದರು. ಅವತ್ತಿಂದ ಮನೆಯಲ್ಲೇ ತೊಳೆಯುತ್ತೇನೆ.

ಹಕ್ಕಿ ಹಿಕ್ಕೆಗೆ ವ್ಯಾಕ್ಸ್ ಕೊಡುವುದು ಸಮಯ ಮಾತ್ರ. ಬೆಳಗ್ಗೆ ಬಿದ್ದದ್ದನ್ನು ಹೊರಡುವ ಮುಂಚೆ ಒದ್ದೆ ಅರಿವೆ ಇಟ್ಟು ನೆನೆಸಿ ತೆಗೆದರೆ ಗುರುತೇ ಇರುವುದಿಲ್ಲ. ಹಾಗೇ ಹುಬ್ಬಳ್ಳಿ ಬಿಸಿಲಿಗೆ ಒಯ್ದು ನಿಲ್ಲಿಸಿದರೆ ಸಂಜೆಗೆ ಕ್ಲಿಯರ್ ಕೋಟ್ ಮೇಲೆ ಅಚ್ಚು ಬಿದ್ದಿರುತ್ತದೆ. ನನ್ನ ಗಾಡಿ ಟಾಪ್ ಮೇಲೆ ಅಂಥದ್ದು ಒಂದಿದೆ, ಹೋಗಿಲ್ಲ.

ಹಬ್ಬದ ಮಾತು ಹೇಳಲೇಬೇಕು. ಆಯುಧಪೂಜೆಗೆ ನಮ್ಮ ಮನೆಯಲ್ಲಿ ಬಾನೆಟ್ ಮೇಲೆ ವಿಭೂತಿಯ ಮೂರು ಗೆರೆ, ಅರಿಷಿಣ, ಕುಂಕುಮ, ಮೇಲೆ ಚೆಂಡು ಹೂವಿನ ಮಾಲೆ. ಅವ್ವ ಕುಂಕುಮವನ್ನು ಒದ್ದೆ ಮಾಡಿ ಹಚ್ಚುತ್ತಾಳೆ, ಬೀಳಬಾರದು ಅಂತ. ಒಂದು ವರ್ಷ ವ್ಯಾಕ್ಸ್ ಇಲ್ಲದ ಕಾಕಾನ ಬಿಳಿ ಗಾಡಿ ಮೇಲೆ ಕುಂಕುಮ ತಿಂಗಳುಗಟ್ಟಲೆ ಗುಲಾಬಿ ಕಲೆಯಾಗಿ ಉಳಿಯಿತು. ಅರಿಷಿಣದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ, ಕುಂಕುಮದ್ದು ಹಾಗಲ್ಲ. ಈಗ ಪೂಜೆಗೆ ಎರಡು ದಿನ ಮುಂಚೆ ಎರಡೂ ಗಾಡಿಗೆ ವ್ಯಾಕ್ಸ್ ಆಗಿರಲೇಬೇಕು. ಮರುದಿನ ಗಾಡಿ ತೊಳೆಯುವ ಶಾಂಪೂ ನೀರಲ್ಲಿ ತೊಳೆದರೆ ಎಲ್ಲಾ ಬಿಟ್ಟುಕೊಳ್ಳುತ್ತದೆ. ಅವ್ವನಿಗೂ ಸಮಾಧಾನ, ನನಗೂ ಸಮಾಧಾನ.

ಹಚ್ಚುವ ರೀತಿ. ನೆರಳಲ್ಲಿ, ಬಾನೆಟ್ ಕೈಗೆ ತಣ್ಣಗೆ ಹತ್ತಬೇಕು. ಪ್ಯಾಡಿಗೆ ಸ್ವಲ್ಪವೇ ತೆಗೆದುಕೊಳ್ಳಿ, ಹಚ್ಚಿದ್ದು ಕಂಡೂ ಕಾಣದ ಹಾಗಿರಬೇಕು. ಮೊದಮೊದಲು ನಾನು ದೋಸೆಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಹಚ್ಚುತ್ತಿದ್ದೆ. ಅದರಿಂದ ಬಾಳಿಕೆ ಒಂದು ದಿನವೂ ಹೆಚ್ಚುವುದಿಲ್ಲ, ಒರೆಸುವಾಗ ತೋಳು ನೋಯುತ್ತದೆ, ಉಳಿದ ಜಿಡ್ಡಿಗೆ ಧೂಳು ಬಂದು ಕೂರುತ್ತದೆ. ಬೆರಳು ಎಳೆದು ನೋಡಿ, ಆ ಗೆರೆ ಸ್ವಚ್ಛ ಬಂದರೆ ಒರೆಸುವ ಹೊತ್ತು ಆಯಿತು. ಮೇ ತಿಂಗಳಲ್ಲಿ ಇದು ಎರಡು ಮೂರು ನಿಮಿಷಕ್ಕೇ ಆಗುತ್ತದೆ, ಮಳೆಗಾಲದಲ್ಲಿ ಕಾಲು ಗಂಟೆ ಹಿಡಿಯುತ್ತದೆ. ಇಡೀ ಗಾಡಿಗೆ ಹಚ್ಚಿ ಆಮೇಲೆ ಒರೆಸುತ್ತೇನೆ ಅಂತ ಬೇಸಿಗೆಯಲ್ಲಿ ಹೋಗಬೇಡಿ, ಒಂದು ಬಾಗಿಲು ಹಚ್ಚಿ ಒರೆಸಿ, ಆಮೇಲೆ ಇನ್ನೊಂದು. ಕಪ್ಪು ಪ್ಲಾಸ್ಟಿಕ್ ಭಾಗಕ್ಕೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ, ಅಲ್ಲಿ ಮೊದಲೇ ಟೇಪ್ ಹಾಕಿ. 845 ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲೇ ಗಟ್ಟಿ ಆಗುತ್ತದೆ, ಕೆಟ್ಟಿದೆ ಅಂತ ಗಾಬರಿ ಬೇಡ, ಬಿಸಿನೀರಿನ ಚರಿಗೆಯಲ್ಲಿ ಐದು ನಿಮಿಷ ಇಟ್ಟು ಅಲ್ಲಾಡಿಸಿದರೆ ಸರಿ ಹೋಗುತ್ತದೆ.

ಖರ್ಚು ಜಾಸ್ತಿ ಅಂತ ಹಿಂಜರಿಯುವವರಿಗೆ ಒಂದು ಮಾತು. ತೆಳ್ಳಗೆ ಹಚ್ಚಿದರೆ ಡಬ್ಬಿ ಮುಗಿಯುವುದೇ ಇಲ್ಲ. 311 ಗ್ರಾಂ ಮೆಗ್ವಾಯರ್ಸ್ ಡಬ್ಬಿ ಎರಡು ಗಾಡಿಗೆ ಮೂರು ವರ್ಷ ಹಚ್ಚಿದ ಮೇಲೂ ಕಾಲು ಭಾಗ ಉಳಿದಿತ್ತು. ಮುಚ್ಚಳ ಗಟ್ಟಿಯಾಗಿ ಹಾಕಿ ಒಳಗಿಡಿ, ಗಾಡಿ ಡಿಕ್ಕಿಯಲ್ಲಿ ಬಿಟ್ಟರೆ ಒಣಗಿ ಬಿರುಕು ಬಿಡುತ್ತದೆ. ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಗಾಜಿನ ಥರ ಗಟ್ಟಿಯಾಗುವ ಪದರ) ಇನ್ನೂ ಹೆಚ್ಚು ದಿನ ಬರುತ್ತದೆ ಅನ್ನುವುದು ನಿಜ. ನನಗೆ ಭಾನುವಾರ ಬೆಳಗ್ಗೆ ಕೈಯಾರೆ ಹಚ್ಚುವ ಈ ಕೆಲಸವೇ ಇಷ್ಟ, ಆ ಬಣ್ಣದ ಆಳವೂ ಬೇಕು.

ಈಗ ನಾನು ಮಾಡುತ್ತಿರುವುದು ಇಷ್ಟು. ಕಾಕಾನ ಗಾಡಿಗೆ ವರ್ಷಕ್ಕೆ ಮೂರು ಸಲ 845, ಬೇರೆ ಏನೂ ಇಲ್ಲ. ನನ್ನ ಗಾಡಿಗೆ ಮುಂಗಾರು ಶುರುವಾಗುವ ಮುಂಚೆ 845, ದಸರಾಕ್ಕೂ ಯುಗಾದಿಗೂ ಮದರ್ಸ್. ದಸರಾ ಹೊತ್ತಿಗೆ ಕೆಳಗೆ ಉಳಿದಿರುವ 845 ಮೇಲೆಯೇ, ಗಾಡಿ ತೊಳೆದು ಒಣಗಿಸಿ, ಮದರ್ಸ್ ಹಚ್ಚಿದರೂ ಏನೂ ತೊಂದರೆ ಆಗಿಲ್ಲ. ಮೆಗ್ವಾಯರ್ಸ್ ಉಳಿದ ಕಾಲು ಡಬ್ಬಿಯನ್ನು ಪಕ್ಕದ ಮನೆಯ ಹಿರಿಯರಿಗೆ ಕೊಟ್ಟಿದ್ದೇನೆ, ಅವರದ್ದು ಮರೂನ್ ಬಣ್ಣದ ಹಳೇ ಗಾಡಿ, ಅದರ ಮೇಲೆ ಬಹಳ ಚೆಂದ ಕೂತಿದೆ.